‘ಸದರಿ ಕಡತ ಲಭ್ಯವಿರುವುದಿಲ್ಲ’ — ಹುಡುಕಿದ್ದು ಎಲ್ಲಿ?

(ಗಿರಣಿ ಕಾರ್ಮಿಕರ ಹಾಗೂ ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಇವತ್ತು ನಾವು ಮಾತನಾಡಬೇಕೆಂದಿರುವುದು ಮೂರೇ ಮೂರು ಪದಗಳನ್ನು ಕುರಿತು. ‘ಸದರಿ ಕಡತ ಲಭ್ಯವಿರುವುದಿಲ್ಲ’ ಎಂಬ ಈ ಮೂರು ಪದಗಳ ಹಿಂಬರಹ ನಿಮ್ಮಲ್ಲಿ ಅನೇಕರ ಮನೆಯ ಟ್ರಂಕಿನಲ್ಲಿ ನಾಲ್ಕು ಮಡಿಕೆಯಾಗಿ ಬಿದ್ದಿರುತ್ತದೆ. ಕೆಳಗೆ ಒಂದು ರುಜು, ಪಕ್ಕದಲ್ಲಿ ಒಂದು ಮೊಹರು. ಅರ್ಜಿ ಕೊಟ್ಟವನು ತಿಂಗಳುಗಟ್ಟಲೆ ಅಲೆದು, ಒಂದು ದಿನದ ಕೂಲಿ ಕಳೆದುಕೊಂಡು, ಸರತಿಯಲ್ಲಿ ನಿಂತು ತಂದ ಉತ್ತರ ಅದು. ಓದಿದವನಿಗೆ ಅಲ್ಲಿಗೆ ಎಲ್ಲ ಮುಗಿಯಿತು ಎನ್ನಿಸುತ್ತದೆ. ಕಡತವೇ ಇಲ್ಲವೆಂದ ಮೇಲೆ ಯಾರನ್ನು ಕೇಳುವುದು, ಏನನ್ನು ಕೇಳುವುದು?

ಅಲ್ಲಿಗೆ ಏನೂ ಮುಗಿಯಲಿಲ್ಲ ಎಂಬುದನ್ನು ಹೇಳುವುದಕ್ಕೇ ನಾವು ಇಲ್ಲಿ ಸೇರಿದ್ದೇವೆ.

ಕಡತಕ್ಕೆ ಕಾಲಿಲ್ಲ. ಅದು ತಾನಾಗಿ ಎದ್ದು ನಡೆದುಹೋಗುವುದಿಲ್ಲ. ಅದು ಕಚೇರಿಗೆ ಬಂದದ್ದು ಒಂದು ವಹಿಯಲ್ಲಿ ದಾಖಲಾಗಿರುತ್ತದೆ, ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋದದ್ದು ಇನ್ನೊಂದು ವಹಿಯಲ್ಲಿ ಇರುತ್ತದೆ, ಕೆಲಸ ಮುಗಿದು ಅಭಿಲೇಖಾಲಯಕ್ಕೆ ಸೇರಿದ್ದು ಮತ್ತೊಂದರಲ್ಲಿ ಇರುತ್ತದೆ. ಅವಧಿ ಮುಗಿದು ನಾಶಮಾಡಿದರೆ ಅದಕ್ಕೂ ಒಂದು ಪಟ್ಟಿ, ಒಂದು ಆದೇಶ, ಒಂದು ರುಜು ಇರಲೇಬೇಕು. ಆದ್ದರಿಂದ ‘ಲಭ್ಯವಿಲ್ಲ’ ಎಂಬ ಮಾತು ಉತ್ತರವಲ್ಲ. ನಾಶವಾಯಿತೆ, ಬೇರೆ ಕಚೇರಿಗೆ ಹೋಯಿತೆ, ಕಳೆದುಹೋಯಿತೆ, ಮೊದಲಿನಿಂದಲೂ ಇರಲೇ ಇಲ್ಲವೆ, ಅಥವಾ ಹುಡುಕುವ ಗೋಜಿಗೆ ಯಾರೂ ಹೋಗಲಿಲ್ಲವೆ? ಈ ಐದರಲ್ಲಿ ಯಾವುದು ಎಂದು ಹೇಳದ ಹಿಂಬರಹ ಅರ್ಜಿದಾರನನ್ನು ಬಾಗಿಲಿನಿಂದ ಆಚೆಗೆ ಕಳಿಸುವ ಒಂದು ಉಪಾಯ ಮಾತ್ರ.

ಇಲ್ಲಿ ಎರಡು ಪ್ರಶ್ನೆಗಳಿವೆ, ಅವನ್ನು ಬೇರೆ ಬೇರೆಯಾಗಿ ಹಿಡಿಯಬೇಕು. ಕಡತ ಇದೆಯೋ ಇಲ್ಲವೋ ಎಂಬುದು ಒಂದು. ಅದಕ್ಕಾಗಿ ಸರಿಯಾಗಿ ಹುಡುಕಿದರೋ ಇಲ್ಲವೋ ಎಂಬುದು ಇನ್ನೊಂದು. ಮೊದಲನೆಯದನ್ನು ನಾವು ರುಜುವಾತು ಮಾಡಲಾರೆವು; ಅಭಿಲೇಖಾಲಯದ ಬೀಗದ ಕೈ ನಮ್ಮ ಹತ್ತಿರ ಇಲ್ಲ. ಆದರೆ ಎರಡನೆಯದಕ್ಕೆ ಲೆಕ್ಕ ಕೊಡಬೇಕಾದವರು ಅವರು. ‘ಇದೆ ಎಂದು ನೀವು ತೋರಿಸಿ’ ಎಂದು ಕಚೇರಿಯವರು ನಮ್ಮ ಮೇಲೆ ಹೊರಿಸಿದರೆ, ‘ಹುಡುಕಿದ್ದನ್ನು ನೀವು ತೋರಿಸಿ’ ಎಂದು ನಾವು ತಿರುಗಿ ಕೇಳಬೇಕು. ಹೀಗೆ ಕೇಳಿದ ಅರ್ಜಿಯ ದಾರಿಯೇ ಬೇರೆಯಾಗುತ್ತದೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಮಾಹಿತಿ ಹಕ್ಕಿನ ಕಾನೂನು ದೆಹಲಿಯ ಮಹನೀಯರ ಔದಾರ್ಯದಿಂದ ಬಂತೆಂದು ಕೆಲವರು ತಿಳಿದಿದ್ದಾರೆ. ಅದು ಬಂದದ್ದು ರಾಜಸ್ಥಾನದ ಕೂಲಿಕಾರರ ಹಾಜರಿ ಪಟ್ಟಿಯಿಂದ. 1990ರಲ್ಲಿ ಅಲ್ಲಿ ಮಜದೂರ್ ಕಿಸಾನ್ ಶಕ್ತಿ ಸಂಘಟನ್ ಎಂಬ ಸಂಘಟನೆ ಹುಟ್ಟಿತು. ಬರಗಾಲದ ಕಾಮಗಾರಿಯಲ್ಲಿ ಮಣ್ಣು ಹೊತ್ತವರಿಗೆ ಪೂರ್ತಿ ಕೂಲಿ ಸಿಗುತ್ತಿರಲಿಲ್ಲ. ಕೇಳಿದರೆ ‘ಹಾಜರಿ ಪಟ್ಟಿಯಲ್ಲಿ ನೀನು ಇಷ್ಟೇ ಕೆಲಸ ಮಾಡಿದ್ದೀಯೆ’ ಎನ್ನುವರು. ‘ಪಟ್ಟಿ ತೋರಿಸಿ’ ಎಂದರೆ ‘ಅದು ಸರ್ಕಾರಿ ಗುಟ್ಟು’ ಎನ್ನುವರು. 1994ರ ಡಿಸೆಂಬರಿನಲ್ಲಿ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ ಹೇಗೋ ಕೈಗೆ ಬಂದ ಹಾಜರಿ ಪಟ್ಟಿಗಳನ್ನು ಊರಿನವರ ಮುಂದೆ ಗಟ್ಟಿಯಾಗಿ ಓದಿದರು. ಆ ಕೆಲಸಕ್ಕೆ ಕಾಲಿಡದವರ ಹೆಸರಿನಲ್ಲೂ ಕೂಲಿ ಎತ್ತಿದ್ದು ಎಲ್ಲರ ಕಿವಿಗೆ ಬಿತ್ತು. 1996ರ ಏಪ್ರಿಲ್‌ನಲ್ಲಿ ಬ್ಯಾವರ್ ಪಟ್ಟಣದಲ್ಲಿ ದಾಖಲೆಗಳ ನಕಲಿಗಾಗಿ 40 ದಿನ ಧರಣಿ ಕುಳಿತರು. ಬ್ಯಾವರ್ ಎಂದರೆ ನಮ್ಮ ಊರಿನಂತೆಯೇ ಹತ್ತಿ ಗಿರಣಿಗಳಿಂದ ಬೆಳೆದ ಊರು. ಧರಣಿಗೆ ಕುಳಿತವರಿಗೆ ಅಲ್ಲಿನ ಸಂತೆಯ ತರಕಾರಿ ವ್ಯಾಪಾರಿಗಳು ಕಾಯಿಪಲ್ಯ ಕೊಟ್ಟರು. ಕಾರ್ಮಿಕನ ಹೋರಾಟ ಬೇರೆ, ವರ್ತಕನ ಕಷ್ಟ ಬೇರೆ ಎನ್ನುವವರು ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಮರುವರ್ಷ, 1997ರಲ್ಲಿ, ಜಯಪುರದಲ್ಲಿ 53 ದಿನಗಳ ಧರಣಿ ನಡೆಯಿತು. ಕೊನೆಗೆ ಸರ್ಕಾರ ಬಾಯಿಬಿಟ್ಟು ಹೇಳಿದ್ದೇನು ಗೊತ್ತೆ? ಪಂಚಾಯಿತಿ ದಾಖಲೆಗಳ ನಕಲು ಕೊಡುವ ಅಧಿಸೂಚನೆ ಆರು ತಿಂಗಳ ಹಿಂದೆಯೇ ಹೊರಟಿದೆ ಎಂದು! ಜನ ಬಿಸಿಲಿನಲ್ಲಿ ಕುಳಿತು ಬೇಡುತ್ತಿದ್ದ ಆದೇಶ ಸರ್ಕಾರದ ರಾಜಪತ್ರದಲ್ಲೇ ಇತ್ತು. ಮಾತುಕತೆಗೆ ಬಂದ ಅಧಿಕಾರಿಗಳು ಅಷ್ಟು ದಿನ ಅದನ್ನು ಹೇಳಲಿಲ್ಲ. ತನ್ನ ಆದೇಶವನ್ನೇ ತಾನು ಹುಡುಕಿ ಕೊಡದ ಸರ್ಕಾರ ನಿಮ್ಮ ಪಿ.ಎಫ್. ಕಾರ್ಡನ್ನು ತಾನಾಗಿ ಹುಡುಕಿ ಕೊಡುತ್ತದೆಂದು ನಂಬಿ ಕೂರಬಾರದು.

ಕರ್ನಾಟಕದಲ್ಲಿ 2000ದಲ್ಲೇ ಒಂದು ಮಾಹಿತಿ ಹಕ್ಕು ಶಾಸನ ಆಗಿತ್ತು. ಇಡೀ ದೇಶದ ಅಧಿನಿಯಮ 2005ರ ಜೂನ್‌ನಲ್ಲಿ ಅಂಕಿತ ಪಡೆದು ಅಕ್ಟೋಬರ್ 12ರಿಂದ ಪೂರ್ತಿಯಾಗಿ ಜಾರಿಗೆ ಬಂತು. ಅದರ ಕಲಮುಗಳನ್ನೆಲ್ಲ ಇಲ್ಲಿ ಓದುವುದಿಲ್ಲ. ಹುಡುಕಾಟಕ್ಕೆ ಸಂಬಂಧಿಸಿದ ನಾಲ್ಕೈದನ್ನು ಮಾತ್ರ ಹೇಳುತ್ತೇವೆ, ಪೆನ್ಸಿಲ್ ಇದ್ದವರು ಬರೆದುಕೊಳ್ಳಿ.

4ನೆಯ ಕಲಮು ಹೇಳುವುದು: ಪ್ರತಿಯೊಂದು ಸಾರ್ವಜನಿಕ ಕಚೇರಿಯೂ ತನ್ನ ದಾಖಲೆಗಳನ್ನು ಪಟ್ಟಿಮಾಡಿ, ಸೂಚಿ ಕಟ್ಟಿ, ಕೇಳಿದಾಗ ಸಿಗುವಂತೆ ಇಟ್ಟಿರತಕ್ಕದ್ದು, ತನ್ನಲ್ಲಿ ಯಾವ ಯಾವ ವರ್ಗದ ದಾಖಲೆಗಳಿವೆ ಎಂಬುದನ್ನು ತಾನಾಗಿ ಪ್ರಕಟಿಸತಕ್ಕದ್ದು. 5ನೆಯ ಕಲಮು ಹೇಳುವುದು: ಸಾರ್ವಜನಿಕ ಮಾಹಿತಿ ಅಧಿಕಾರಿ ಬೇರೆ ಯಾವ ಅಧಿಕಾರಿಯ ನೆರವನ್ನು ಕೇಳುತ್ತಾನೋ ಆ ಅಧಿಕಾರಿ ನೆರವು ಕೊಡಲೇಬೇಕು, ತಪ್ಪಿದರೆ ಆತನೇ ಮಾಹಿತಿ ಅಧಿಕಾರಿಯಷ್ಟು ಹೊಣೆ. ‘ಆ ವಿಭಾಗದವರು ಕೊಡಲಿಲ್ಲ’ ಎಂಬ ನೆಪಕ್ಕೆ ಇದು ಬೀಗ. 6ನೆಯ ಕಲಮು: ದಾಖಲೆ ಬೇರೆ ಕಚೇರಿಯಲ್ಲಿದ್ದರೆ 5 ದಿನದೊಳಗೆ ಅರ್ಜಿಯನ್ನು ಅಲ್ಲಿಗೆ ವರ್ಗಾಯಿಸಿ ನಿಮಗೆ ತಿಳಿಸಬೇಕು. 19ನೆಯದು: ಕೊಡಲಿಲ್ಲವೆಂಬುದು ಸರಿ ಎಂದು ರುಜುವಾತು ಮಾಡುವ ಹೊರೆ ಅಧಿಕಾರಿಯದು, ಅರ್ಜಿದಾರನದಲ್ಲ. 20ನೆಯದು: ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿಯವರೆಗೆ ದಂಡ, ಕೇಳಿದ ದಾಖಲೆಯನ್ನು ನಾಶಮಾಡಿದವನಿಗೂ ಉಂಟು. ತಾನು ವಿವೇಚನೆಯಿಂದ, ಶ್ರದ್ಧೆಯಿಂದ ನಡೆದುಕೊಂಡೆನೆಂದು ತೋರಿಸಬೇಕಾದವನು ಅಲ್ಲಿಯೂ ಆ ಅಧಿಕಾರಿಯೇ. ‘ಶ್ರದ್ಧೆಯಿಂದ’ ಎಂಬ ಈ ಪದಕ್ಕೆ ಗೆರೆ ಹಾಕಿಕೊಳ್ಳಿ. ಹುಡುಕಾಟದ ಪ್ರಶ್ನೆ ಇಡಿಯಾಗಿ ಆ ಪದದೊಳಗೆ ಕುಳಿತಿದೆ.

ಇನ್ನೊಂದು ಸಂಗತಿ. ಮಾಹಿತಿ ಕೊಡದಿರುವುದಕ್ಕೆ ಕಾನೂನು ಒಪ್ಪುವ ಕಾರಣಗಳನ್ನು 8 ಮತ್ತು 9ನೆಯ ಕಲಮುಗಳಲ್ಲಿ ಎಣಿಸಿ ಹೇಳಿದೆ. ದೇಶದ ರಕ್ಷಣೆ, ಖಾಸಗಿ ಸಂಗತಿ, ಹೀಗೆ. ‘ಕಡತ ಕಳೆದಿದೆ’ ಎಂಬುದು ಆ ಎಣಿಕೆಯಲ್ಲಿ ಎಲ್ಲಿಯೂ ಇಲ್ಲ. ಈ ಮಾತನ್ನು ನಾವೊಬ್ಬರೇ ಹೇಳುತ್ತಿಲ್ಲ, ಕೇಂದ್ರ ಮಾಹಿತಿ ಆಯೋಗವೇ 2014ರಲ್ಲಿ ಹೇಳಿದೆ.

ಅದಕ್ಕಿಂತ ಗಟ್ಟಿಯಾದ ಮಾತು ದೆಹಲಿ ಹೈಕೋರ್ಟಿನದು. 2013ರ ಸೆಪ್ಟೆಂಬರ್ 13ರಂದು ಯೂನಿಯನ್ ಆಫ್ ಇಂಡಿಯಾ ವಿರುದ್ಧ ವಿಶ್ವಾಸ್ ಭಾಂಬುರ್ಕರ್ ಎಂಬ ಮೊಕದ್ದಮೆಯಲ್ಲಿ ಬಂದ ತೀರ್ಪು. ಅದರ ತಾತ್ಪರ್ಯವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ: ‘ಲಭ್ಯವಿಲ್ಲ’ ಎಂಬ ಸಿದ್ಧ ಉತ್ತರ ಕೊಟ್ಟು ಜಾರಿಕೊಳ್ಳುವುದು ಇಲಾಖೆಗಳಲ್ಲಿ ಅಪರೂಪವಲ್ಲ. ಒಮ್ಮೆ ಸರ್ಕಾರದ ದಾಖಲೆಯಲ್ಲಿದ್ದದ್ದು, ನಿಯಮದಂತೆ ನಾಶವಾಗಿದ್ದ ಹೊರತು, ಇನ್ನೂ ಅಲ್ಲಿ ಇರಬೇಕು. ಕೈಗೆ ಸಿಗದಿದ್ದರೆ, ಎಲ್ಲೆಲ್ಲಿ ಇರಬಹುದೋ ಅಲ್ಲೆಲ್ಲ ಕೂಲಂಕಷವಾಗಿ ಹುಡುಕಬೇಕು. ಹೊಣೆಯುಳ್ಳ ಅಧಿಕಾರಿ ಹುಡುಕಿಸಿ, ವಿಚಾರಿಸಿ, ಆಮೇಲೂ ಸಿಗಲಿಲ್ಲ, ಅಥವಾ ಎಂದೂ ಇರಲಿಲ್ಲ, ಅಥವಾ ನಿಯಮಾನುಸಾರ ನಾಶವಾಗಿದೆ ಎಂದು ತೀರ್ಮಾನವಾದಾಗ ಮಾತ್ರ ‘ಕೊಡಲಾಗದು’ ಎನ್ನಬಹುದು. ಅಷ್ಟಕ್ಕೂ ನಿಲ್ಲಲಿಲ್ಲ. ಇದ್ದ ದಾಖಲೆ ಹುಡುಕಿಯೂ ಸಿಗದಿದ್ದರೆ, ಕಳೆದವರು ಯಾರೆಂದು ಹೊಣೆ ಗೊತ್ತುಮಾಡಿ ಅವರ ಮೇಲೆ ಇಲಾಖಾ ಕ್ರಮ ಜರುಗಿಸಲೇಬೇಕು. ಹಾಗೆ ಮಾಡದಿದ್ದರೆ ಬೇಡವಾದ ದಾಖಲೆಯನ್ನೆಲ್ಲ ಕಳೆದಿದೆ ಎಂದುಬಿಡಲು ದಾರಿಯಾಗುತ್ತದೆ, ಕಾನೂನಿನ ಉದ್ದೇಶವೇ ಮಣ್ಣುಪಾಲಾಗುತ್ತದೆ. ಇಂಥ ವಿಚಾರಣೆ ನಡೆಸಿರೆಂದು ಆದೇಶಿಸುವ ಅಧಿಕಾರ ಮಾಹಿತಿ ಆಯೋಗಕ್ಕೆ ಉಂಟು ಎಂದೂ ಆ ತೀರ್ಪು ಹೇಳಿತು.

ಅದೇ 2013ನೆಯ ಇಸವಿಯನ್ನು ಇನ್ನೊಂದು ಕಾರಣಕ್ಕೂ ನೆನಪಿಡಬೇಕು. ಕಲ್ಲಿದ್ದಲು ಗಣಿ ಹಂಚಿಕೆಯ ಕಡತಗಳು ಕಾಣೆಯಾಗಿವೆ ಎಂಬ ಸುದ್ದಿ ಆ ವರ್ಷ ಸಂಸತ್ತನ್ನು ಅಲ್ಲಾಡಿಸಿತು. ಹುಡುಕುವುದಕ್ಕೆ ಒಂದು ಸಮಿತಿಯೇ ಆಯಿತು, ಪ್ರಧಾನಿಯವರೇ ಸದನದಲ್ಲಿ ಹೇಳಿಕೆ ಕೊಡಬೇಕಾಯಿತು, ಸಿ.ಬಿ.ಐ. ವಿಚಾರಣೆಗೆ ಇಳಿಯಿತು. ಸರಿ, ಆಗಬೇಕಾದದ್ದೇ. ಆದರೆ ನಾವು ಕೇಳುವುದಿಷ್ಟೆ: ಗಣಿಯ ಕಡತಕ್ಕೆ ಸಮಿತಿ, ಗಿರಣಿಯ ಕಾರ್ಮಿಕನ ಕಡತಕ್ಕೆ ಮೂರು ಪದಗಳ ಹಿಂಬರಹ, ಇದು ಯಾವ ನ್ಯಾಯ? ಮನಸ್ಸು ಮಾಡಿದರೆ ಹುಡುಕುವ ಶಕ್ತಿ ಸರ್ಕಾರಕ್ಕೆ ಇದೆ ಎಂಬುದಂತೂ ಅಲ್ಲಿ ಕಂಡಿತು.

‘ಕೂಲಂಕಷವಾಗಿ ಹುಡುಕುವುದು’ ಎಂದರೆ ಏನು? ಈ ಪ್ರಶ್ನೆಯನ್ನು ಬಹಳ ಕಾಲದಿಂದ ಅರೆದು ನೋಡಿರುವುದು ಅಮೆರಿಕದ ನ್ಯಾಯಾಲಯಗಳು. ಅಮೆರಿಕದ ಸರ್ಕಾರದ ನೀತಿಗಳ ಬಗ್ಗೆ ನಮ್ಮ ಅಭಿಪ್ರಾಯ ಏನೇ ಇರಲಿ, ಅಲ್ಲಿನ ಜನ ತಮ್ಮ ಸರ್ಕಾರದಿಂದ ಕಿತ್ತುಕೊಂಡದ್ದನ್ನು ತಿಳಿಯುವುದಕ್ಕೆ ಅಡ್ಡಿಯಿಲ್ಲ. ಅಲ್ಲಿ ಮಾಹಿತಿ ಸ್ವಾತಂತ್ರ್ಯದ ಶಾಸನ ಆದದ್ದು 1966ರಲ್ಲಿ. ಹೆರಾಲ್ಡ್ ವೈಸ್‌ಬರ್ಗ್ ಎಂಬುವನು, ಒಂದು ಕಾಲದಲ್ಲಿ ಕೋಳಿ ಸಾಕಿ ಬದುಕಿದವನು, ಮಾರ್ಟಿನ್ ಲೂಥರ್ ಕಿಂಗ್ ಅವರ ಕೊಲೆಯ ತನಿಖೆಯ ಕಾಗದಗಳನ್ನು ಕೇಳಿ ವರ್ಷಾನುಗಟ್ಟಲೆ ಸರ್ಕಾರದೊಡನೆ ವ್ಯಾಜ್ಯ ಹೂಡಿದ. ಕಿಂಗ್ ಅವರು 1968ರ ಏಪ್ರಿಲ್ 4ರಂದು ಮೆಂಫಿಸ್ ನಗರದಲ್ಲಿ ಗುಂಡಿಗೆ ಬಲಿಯಾದಾಗ ಅಲ್ಲಿಗೆ ಹೋಗಿದ್ದದ್ದು ಮುಷ್ಕರ ಹೂಡಿದ್ದ ಪೌರಕಾರ್ಮಿಕರ ಬೆಂಬಲಕ್ಕೆ ಎಂಬುದನ್ನು ಇಲ್ಲಿರುವ ಪೌರಕಾರ್ಮಿಕ ಬಂಧುಗಳಿಗೆ ಜ್ಞಾಪಿಸುತ್ತೇವೆ. ವೈಸ್‌ಬರ್ಗ್‌ಗೆ ಹತ್ತಾರು ಸಾವಿರ ಪುಟಗಳು ಸಿಕ್ಕವು, ಕೇಳಿದ್ದೆಲ್ಲ ಸಿಗಲಿಲ್ಲ. ಆದರೆ 1983ರ ತೀರ್ಪಿನಲ್ಲಿ ಒಂದು ಅಳತೆಗೋಲು ಉಳಿಯಿತು: ಇನ್ನೂ ಕಾಗದ ಎಲ್ಲಿಯಾದರೂ ಇದ್ದೀತೆ ಎಂಬುದು ಪ್ರಶ್ನೆಯಲ್ಲ, ಸಂಬಂಧಪಟ್ಟ ಕಾಗದಗಳೆಲ್ಲ ಹೊರಬರುವ ಹಾಗೆ ಯೋಚಿಸಿ ಹುಡುಕಿದ್ದಾರೆಯೆ ಎಂಬುದೇ ಪ್ರಶ್ನೆ. 1990ರ ಇನ್ನೊಂದು ತೀರ್ಪು ಮುಂದಕ್ಕೆ ಹೋಗಿ, ಬರಿಯ ‘ಹುಡುಕಿದೆವು’ ಸಾಲದು, ಯಾವ ಪದಗಳನ್ನು ಹಿಡಿದು, ಯಾವ ರೀತಿ ಹುಡುಕಿದಿರಿ, ಇರಬಹುದಾದ ಕಡತಗಳನ್ನೆಲ್ಲ ನೋಡಿದಿರಾ ಎಂದು ಪ್ರಮಾಣಪತ್ರದಲ್ಲಿ ಬರೆದುಕೊಡಿ ಎಂದಿತು.

1999ರ ಮೊಕದ್ದಮೆ ಇನ್ನೂ ಸ್ವಾರಸ್ಯವಾದದ್ದು. ಒಬ್ಬ ಖೈದಿ ಕರಾವಳಿ ಕಾವಲು ಪಡೆಯ ಒಂದು ಹಡಗಿನ ದಿನಚರಿ ಪುಸ್ತಕದ ಪುಟಗಳನ್ನು ಕೇಳಿದ. ಇಲಾಖೆ ‘ಸಿಗಲಿಲ್ಲ’ ಎಂದಿತು. ನ್ಯಾಯಾಲಯ ಕೇಳಿತು: ಹಳೆಯ ದಿನಚರಿಗಳನ್ನು ಕಳಿಸುವ ಸರ್ಕಾರಿ ಉಗ್ರಾಣ ಒಂದಿದೆಯಲ್ಲ, ಅಲ್ಲಿ ನೋಡಿದಿರಾ? ಆ ಪುಟಗಳ ವಿಷಯ ತಿಳಿದಿರಬಹುದಾದ ಕಪ್ತಾನನನ್ನು ಒಂದು ಮಾತು ಕೇಳಿದಿರಾ? ಎರಡೂ ಇಲ್ಲ. ಹಾಗಾದರೆ ನಿಮ್ಮ ಹುಡುಕಾಟ ಹುಡುಕಾಟವೇ ಅಲ್ಲ, ಸುಳಿವು ಕಂಡ ಮೇಲೆ ಅದರ ಬೆನ್ನು ಹತ್ತಬೇಕು ಎಂದಿತು ನ್ಯಾಯಾಲಯ. ಅಪರಾಧಿ ಎಂದು ತೀರ್ಪಾದ ಖೈದಿಗೇ ಇಷ್ಟು ಹಕ್ಕಿದ್ದರೆ, ಬೆವರು ಸುರಿಸಿ ದುಡಿದ ಮನುಷ್ಯನಿಗೆ ಎಷ್ಟಿರಬೇಕು, ನೀವೇ ಹೇಳಿ.

ಅಮೆರಿಕದ ತೀರ್ಪು ನಮ್ಮ ಆಯೋಗವನ್ನು ಕಟ್ಟಿಹಾಕುವುದಿಲ್ಲ, ಅದು ಸರಿ. ಅದರೊಳಗಿನ ಬುದ್ಧಿ ಮಾತ್ರ ಎಲ್ಲ ಊರಿಗೂ ಒಂದೇ. ಮನೆಯಲ್ಲಿ ಒಡವೆ ಕಾಣದಿದ್ದರೆ ಯಾರೂ ಹೊಸಿಲಲ್ಲಿ ನಿಂತು ‘ಲಭ್ಯವಿರುವುದಿಲ್ಲ’ ಎನ್ನುವುದಿಲ್ಲ. ಕಳೆದ ಸಲ ಯಾರು ಹಾಕಿಕೊಂಡರು, ಯಾವ ಮದುವೆಗೆ ಹೋಗಿತ್ತು, ಗಿರವಿಗೆ ಇಟ್ಟದ್ದುಂಟೆ ಎಂದು ಹಿಂದು ಹಿಂದಕ್ಕೆ ಹೋಗುತ್ತಾರೆ. ಕಚೇರಿಯಲ್ಲಿ ಹಾಗೆ ಹಿಂದಕ್ಕೆ ಹೋಗಲು ವಹಿಗಳಿವೆ. ಒಳಬಂದ ಟಪಾಲಿನ ವಹಿ, ಹೊರಹೋದ ಟಪಾಲಿನ ವಹಿ, ಗುಮಾಸ್ತನ ಕೈಯಲ್ಲಿದ್ದ ಕಡತಗಳ ವಹಿ, ಕಡತ ಚಲನವಲನದ ವಹಿ, ಅಭಿಲೇಖಾಲಯದ ಸೂಚಿ, ನಾಶಮಾಡಿದ ಕಡತಗಳ ಪಟ್ಟಿ. ವಿಲೇವಾರಿಯಾದ ಕಡತಗಳಿಗೆ ಎ, ಬಿ, ಸಿ, ಡಿ, ಇ ಎಂದು ವರ್ಗ ಕಟ್ಟುತ್ತಾರೆ. ಎ ಎಂದರೆ ಶಾಶ್ವತವಾಗಿ ಇಡತಕ್ಕದ್ದು, ಉಳಿದವಕ್ಕೆ ಒಂದೊಂದು ಅವಧಿ. ಆದ್ದರಿಂದ ನಿಮ್ಮ ಅರ್ಜಿ ‘ನನ್ನ ಕಡತ ಕೊಡಿ’ ಎಂಬಲ್ಲಿಗೆ ನಿಲ್ಲಬಾರದು. ಹಿಂಬರಹ ಬಂದ ಮೇಲೆ ಎರಡನೆಯ ಅರ್ಜಿ ಹಾಕಿ: ಆ ಕಡತದ ಸಂಖ್ಯೆ ದಾಖಲಾದ ವಹಿಯ ಪುಟದ ನಕಲು ಕೊಡಿ, ಅದರ ವರ್ಗ ಯಾವುದು ತಿಳಿಸಿ, ನಾಶವಾಗಿದ್ದರೆ ನಾಶದ ಆದೇಶದ ನಕಲು ಕೊಡಿ, ಹುಡುಕಿರೆಂದು ಯಾರು ಯಾರಿಗೆ ಯಾವ ತಾರೀಖಿನಲ್ಲಿ ಬರೆದರೋ ಆ ಪತ್ರ ಕೊಡಿ. ಹುಡುಕಿದ್ದರೆ ಒಂದು ತುಂಡು ಕಾಗದವಾದರೂ ಹುಟ್ಟಿರುತ್ತದೆ. ಹುಟ್ಟಿಲ್ಲವಾದರೆ ಹುಡುಕಿಲ್ಲ.

ಈಗ ಗಿರಣಿಯ ಮಾತಿಗೆ ಬರೋಣ. ಮುಚ್ಚಿದ ಗಿರಣಿಯೊಂದರ ನೂಲು ಖಾತೆಯಲ್ಲಿ ದುಡಿದವನೊಬ್ಬ ಪಿಂಚಣಿಗೆ ಅರ್ಜಿ ಹಾಕಿದ್ದಾನೆ ಎಂದಿಟ್ಟುಕೊಳ್ಳೋಣ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ತಿಂಗಳ ಪಿಂಚಣಿ ಬರಬೇಕಾದರೆ 10 ವರ್ಷದ ಸೇವೆ ಲೆಕ್ಕಕ್ಕೆ ಸಿಗಬೇಕು. ದುಡಿದದ್ದು ಹದಿನಾಲ್ಕು ವರ್ಷ, ಕಂಪ್ಯೂಟರಿನಲ್ಲಿ ಕಾಣುವುದು ಎಂಟು. ಉಳಿದ ಆರು ವರ್ಷ ‘ದಾಖಲೆ ಲಭ್ಯವಿಲ್ಲ’. ಆ ಆರು ವರ್ಷ ಅವನ ಯೌವನ! 2014ರಲ್ಲಿ ಗೊತ್ತುಮಾಡಿದ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ. ದೊಡ್ಡವರ ಕಣ್ಣಿಗೆ ಅದು ಹಣವೇ ಅಲ್ಲ. ಆದರೆ ಮುದುಕ ಗಂಡ ಹೆಂಡಿರ ಔಷಧಿ ಅಂಗಡಿಯ ಬಾಕಿ ತೀರುವುದು ಅದರಿಂದ.

ಅವನು ಏನು ಕೇಳಬೇಕು? ಗಿರಣಿಯ ಕೋಡ್ ನಂಬರು, ತನ್ನ ಖಾತೆಯ ನಂಬರು, ವರ್ಷಗಳನ್ನು ಬರೆದು, ಆಯಾ ವರ್ಷದ 3-ಎ ಮತ್ತು 6-ಎ ನಮೂನೆಗಳ ನಕಲು ಕೇಳಬೇಕು. 3-ಎ ಎಂದರೆ ಒಬ್ಬೊಬ್ಬ ಸದಸ್ಯನ ವರ್ಷದ ವಂತಿಗೆಯ ಕಾರ್ಡು. 6-ಎ ಎಂದರೆ ಎಲ್ಲರನ್ನೂ ಕೂಡಿಸಿದ ಪಟ್ಟಿ. ಕಂಪ್ಯೂಟರು ಬರುವ ಮುಂಚೆ ಮಾಲೀಕ ವರ್ಷಕ್ಕೊಮ್ಮೆ ಇವನ್ನು ಭವಿಷ್ಯನಿಧಿ ಕಚೇರಿಗೆ ಕಟ್ಟಿ ಕಳಿಸಬೇಕಾಗಿತ್ತು. ಒಬ್ಬನ ಕಾರ್ಡು ಕಳೆದರೂ 6-ಎಯಲ್ಲಿ ಅವನ ಹೆಸರು ಇರುತ್ತದೆ. ಅದೂ ಇಲ್ಲವೆಂದರೆ ಆ ವರ್ಷದ ಇಡೀ ಗಿರಣಿಯ ಪಟ್ಟಿಯೇ ಕಳೆದಿದೆ ಎಂದಾಯಿತು, ಆಗ ಕೇಳುವವನು ಒಬ್ಬನಲ್ಲ, ಸಾವಿರ ಜನ. ಗಿರಣಿಗೆ ಸ್ವಂತ ಪಿ.ಎಫ್. ಟ್ರಸ್ಟ್ ಇದ್ದಿದ್ದರೆ ಲೆಕ್ಕ ಅಲ್ಲಿರುತ್ತದೆ. ಗಿರಣಿಯನ್ನು ಹೈಕೋರ್ಟು ಸಮಾಪನೆಗೆ ಹಾಕಿದ್ದರೆ ಪುಸ್ತಕಗಳು ಅಧಿಕೃತ ಲಿಕ್ವಿಡೇಟರನ ವಶಕ್ಕೆ ಹೋಗಿರುತ್ತವೆ. ಇ.ಎಸ್.ಐ. ಕಚೇರಿಯಲ್ಲಿ ವಂತಿಗೆಯ ಲೆಕ್ಕ ಬೇರೆಯೇ ಇರುತ್ತದೆ. ಹಡಗಿನ ಕಥೆಯನ್ನು ಹೇಳಿದ್ದು ಇದಕ್ಕೇ. ಉಗ್ರಾಣ ಯಾವುದು, ಕಪ್ತಾನ ಯಾರು ಎಂಬುದನ್ನು ನಾವೇ ಅರ್ಜಿಯಲ್ಲಿ ಬರೆದು ತೋರಿಸಿದರೆ, ಅಲ್ಲಿ ನೋಡಲಿಲ್ಲವೆಂಬ ತಪ್ಪು ಅವರ ಕೊರಳಿಗೆ ಬೀಳುತ್ತದೆ.

ಇದು ಸಣ್ಣ ಮಾತಲ್ಲವೆಂಬುದಕ್ಕೆ ಮುಂಬಯಿಯನ್ನು ನೋಡಿ. ಅಲ್ಲಿ ಮುಚ್ಚಿದ 58 ಗಿರಣಿಗಳ ಕಾರ್ಮಿಕರಿಗೆ ಮನೆ ಕೊಡುವ ಯೋಜನೆಯಾದಾಗ, 1982ರ ಜನವರಿ 1ರಂದು ಗಿರಣಿಯ ಹಾಜರಿಯಲ್ಲಿ ಇದ್ದೆನೆಂದು ತೋರಿಸಬೇಕಾಯಿತು. ಆ ತಿಂಗಳ 18ರಂದು ಮಹಾ ಮುಷ್ಕರ ಶುರುವಾಯಿತು. ಮುಷ್ಕರದಲ್ಲಿ ಎಲ್ಲವನ್ನೂ ಕಳೆದುಕೊಂಡು ಹಳ್ಳಿಗೆ ಹೋದವನು ಟಿಕೆಟ್ ನಂಬರಿನ ಚೀಟಿಯನ್ನು ದಶಕಗಳ ಕಾಲ ಕಾಪಾಡಿದ್ದರೆ ಮನೆಗೆ ಅರ್ಹ, ಇಲ್ಲದಿದ್ದರೆ ಇಲ್ಲ. ಕಾಗದ ಕಾಪಾಡುವ ಕೆಲಸವನ್ನು ಬಡವನಿಗೆ ಒಪ್ಪಿಸಿ, ಕಾಪಾಡಲೆಂದು ಸಂಬಳ ಪಡೆಯುವವರು ‘ಲಭ್ಯವಿಲ್ಲ’ ಎನ್ನುವುದು ವಿಪರೀತವಲ್ಲವೆ?

ಭವಿಷ್ಯನಿಧಿ ಸಂಸ್ಥೆಯಂಥ ಕೇಂದ್ರದ ಸಂಸ್ಥೆಗಳಿಗೆ 1993ರ ಸಾರ್ವಜನಿಕ ದಾಖಲೆಗಳ ಅಧಿನಿಯಮವೂ ಅನ್ವಯಿಸುತ್ತದೆ. ನಿಯಮ ಮೀರಿ ದಾಖಲೆ ನಾಶಮಾಡಿದರೆ 5 ವರ್ಷದವರೆಗೆ ಸೆರೆ, ಅಥವಾ 10,000 ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಕರ್ನಾಟಕ ರಾಜ್ಯದ ಕಚೇರಿಗಳಿಗೆ 2010ರ ಬೇರೆ ಅಧಿನಿಯಮ ಇದೆ. ಅರ್ಜಿಯ ಕೊನೆಯಲ್ಲಿ ಇವುಗಳ ಹೆಸರು ಬರೆದರೆ ಓದುವವರು ಕನ್ನಡಕ ಸರಿಮಾಡಿಕೊಳ್ಳುತ್ತಾರೆ.

ವರ್ತಕ ಬಂಧುಗಳ ಕಷ್ಟ ಬೇರೆ ರೂಪದ್ದು. ತಂದೆಯ ಕಾಲದಿಂದ ನಡೆಸಿದ ಪುರಸಭೆಯ ಮಳಿಗೆ. ಒಂದು ದಿನ ‘ನಿಮ್ಮ ಹೆಸರಿನಲ್ಲಿ ಗುತ್ತಿಗೆಯ ಕಡತವೇ ಇಲ್ಲ, ತೆರವು ಮಾಡಿ’ ಎಂಬ ನೋಟೀಸು. ಕಡತ ಹೋಗಿರಬಹುದು. ಆದರೆ ಮಳಿಗೆಯ ಹರಾಜಿಗೆ, ಗುತ್ತಿಗೆಗೆ ಕೌನ್ಸಿಲಿನ ಠರಾವು ಆಗಿರಬೇಕು, ಅದು ನಡವಳಿ ಪುಸ್ತಕದಲ್ಲಿ ಇರುತ್ತದೆ. ಬಾಡಿಗೆ ಕಟ್ಟಿದ್ದು ಬೇಡಿಕೆ, ವಸೂಲಿ, ಬಾಕಿಯ ವಹಿಯಲ್ಲಿ ಇರುತ್ತದೆ. ರಸೀದಿಯ ಅರ್ಧ ಚೀಟಿ ಅವರ ಪುಸ್ತಕದಲ್ಲಿ ಉಳಿದಿರುತ್ತದೆ. ಲೆಕ್ಕಪರಿಶೋಧಕರು ಮಳಿಗೆಗಳ ಆದಾಯವನ್ನು ವರದಿಯಲ್ಲಿ ಬರೆದಿರುತ್ತಾರೆ. ಒಂದು ಕಡತ ಕಳೆಯುವುದು ಸುಲಭ, ಅದರ ನೆರಳುಗಳನ್ನೆಲ್ಲ ಅಳಿಸುವುದು ಅಷ್ಟು ಸುಲಭವಲ್ಲ. ಬೀದಿಬದಿಯಲ್ಲಿ ಗಾಡಿ ನಿಲ್ಲಿಸುವವರಿಗೂ ಇದೇ ಮಾತು: 2014ರ ಬೀದಿ ವ್ಯಾಪಾರಿಗಳ ಅಧಿನಿಯಮದಂತೆ ನಡೆದ ಸಮೀಕ್ಷೆಯ ಪಟ್ಟಿಯ ನಕಲನ್ನು, ಗಾಡಿ ಎತ್ತಲು ಬರುವ ಮುಂಚೆಯೇ ತೆಗೆದಿಟ್ಟುಕೊಳ್ಳಿ.

ಇನ್ನು ಎದುರು ಪಕ್ಷದ ವಾದ. ಅದನ್ನು ಕೇಳದೆ ಹೋಗುವುದು ನಮ್ಮ ಪದ್ಧತಿಯಲ್ಲ. ‘ಹುಡುಕುತ್ತ ಕುಳಿತರೆ ಉಳಿದ ಕೆಲಸ ಯಾರು ಮಾಡಬೇಕು?’ ಎನ್ನುತ್ತಾರೆ. ಸುಪ್ರೀಂ ಕೋರ್ಟು 2011ರಲ್ಲಿ, ಸಿ.ಬಿ.ಎಸ್.ಇ. ಮತ್ತು ಆದಿತ್ಯ ಬಂದೋಪಾಧ್ಯಾಯರ ಮೊಕದ್ದಮೆಯಲ್ಲಿ, ವಿವೇಚನೆಯಿಲ್ಲದ ಅರ್ಜಿಗಳಿಂದ ಆಡಳಿತ ಕುಂಟುತ್ತದೆ ಎಂದು ಎಚ್ಚರಿಸಿದ್ದೂ ಉಂಟು. ಇಲ್ಲದ ಮಾಹಿತಿಯನ್ನು ಹೊಸದಾಗಿ ಸೃಷ್ಟಿಸಿ ಕೊಡಬೇಕಾಗಿಲ್ಲ ಎಂದದ್ದೂ ಉಂಟು. ಅದು ಸರಿಯಾದ ಮಾತು. ಅರ್ಜಿ ಹಾಕುವುದನ್ನೇ ಕಸಬು ಮಾಡಿಕೊಂಡು, ಅಧಿಕಾರಿಗಳನ್ನು ಹೆದರಿಸಿ ಕಾಸು ಕೀಳುವ ಜನ ನಮ್ಮ ಜಿಲ್ಲೆಯಲ್ಲಿಯೂ ಇದ್ದಾರೆ, ಅವರಿಂದ ಕೆಡುವುದು ನಿಜವಾದ ಅರ್ಜಿದಾರನ ಹೆಸರು. ಆದರೆ ತನ್ನ ಸೇವೆಯ ಲೆಕ್ಕ ಕೇಳುವವನು ಆ ಗುಂಪಿನವನೆ? ಕಾನೂನಿನಂತೆ ಇಟ್ಟಿರಲೇಬೇಕಾದ ಕಾಗದವನ್ನು ಕೇಳುವುದು ಹೊಸದನ್ನು ಸೃಷ್ಟಿಸಿ ಎಂದು ಕೇಳಿದಂತೆ ಆಗುವುದಿಲ್ಲ.

ಗುಮಾಸ್ತರ ಬಗ್ಗೆಯೂ ಒಂದು ಮಾತು. ಅಭಿಲೇಖಾಲಯದ ಧೂಳಿನಲ್ಲಿ ಕುಳಿತು ಕೆಮ್ಮುವವನು ನಮ್ಮ ಶತ್ರುವಲ್ಲ, ಅವನೂ ಕೂಲಿಯವನೇ. ಮೂವರು ಮಾಡುವ ಕೆಲಸವನ್ನು ಒಬ್ಬನಿಗೆ ಹೊರಿಸಿ, ಮಳೆ ನೀರು ಸೋರುವ ಕೋಣೆ ಕೊಟ್ಟು, ಗೆದ್ದಲು ತಿಂದ ಮೇಲೆ ಅವನ ಮೇಲೆ ನೋಟೀಸು ಜಾರಿಮಾಡುವ ಮೇಲಧಿಕಾರಿಯನ್ನು ಕೇಳಬೇಕು. ದೆಹಲಿ ತೀರ್ಪಿನ ‘ಹೊಣೆ ಗೊತ್ತುಮಾಡಿ’ ಎಂಬ ಮಾತನ್ನು ಜವಾನನ ತಲೆಗೆ ಕಟ್ಟಿ ಕೈತೊಳೆದುಕೊಳ್ಳಲು ನಾವು ಬಿಡಕೂಡದು. ಆಯೋಗಕ್ಕೆ 19ನೆಯ ಕಲಮಿನಲ್ಲಿ ಇನ್ನೊಂದು ಅಧಿಕಾರವಿದೆ: ದಾಖಲೆ ಇಡುವ, ನಿರ್ವಹಿಸುವ, ನಾಶಮಾಡುವ ಪದ್ಧತಿಯನ್ನೇ ಬದಲಿಸಿರೆಂದು ಇಲಾಖೆಗೆ ಹೇಳಬಹುದು, ಅರ್ಜಿದಾರನಿಗಾದ ನಷ್ಟ ತುಂಬಿಕೊಡಿಸಬಹುದು. ಮೇಲ್ಮನವಿಯಲ್ಲಿ ಈ ಎರಡನ್ನೂ ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಯಾರೂ ಕೊಡುವುದಿಲ್ಲ.

ನಮ್ಮ ರಾಜ್ಯದಲ್ಲಿ 2024ರಿಂದ ‘ಭೂ ಸುರಕ್ಷಾ’ ಎಂಬ ಹೆಸರಿನಲ್ಲಿ ಕಂದಾಯ ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಕೆಲಸ ಶುರುವಾಗಿದೆ. ಸ್ವಾಗತ. ಆದರೆ ಸ್ಕ್ಯಾನಿಗೆ ಮುಂಚೆಯೇ ಕಾಣೆಯಾದದ್ದು ಕಂಪ್ಯೂಟರಿನಲ್ಲಿ ಹುಟ್ಟಿ ಬರುವುದಿಲ್ಲ. ‘ಕಂಪ್ಯೂಟರಿನಲ್ಲಿ ತೋರಿಸುತ್ತಿಲ್ಲ’ ಎಂಬುದು ನಾಳೆಯ ಹೊಸ ಹಿಂಬರಹವಾದೀತು, ಈಗಲೇ ಎಚ್ಚರವಿರಲಿ.

ಮೇಲ್ಮನವಿಯ ದಾರಿಯಲ್ಲಿ ಒಂದು ಹಳ್ಳ ಇದೆ, ಅದನ್ನು ತೋರಿಸಿ ನಿಲ್ಲಿಸುತ್ತೇವೆ. ಉತ್ತರ ಬರಬೇಕಾದದ್ದು 30 ದಿನದಲ್ಲಿ. ಬಾರದಿದ್ದರೆ, ಅಥವಾ ಮೂರು ಪದ ಬಂದರೆ, 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅವರ ತೀರ್ಮಾನಕ್ಕೆ 30 ದಿನ, ಹೆಚ್ಚೆಂದರೆ 45. ಅಲ್ಲಿಂದ 90 ದಿನದೊಳಗೆ ಆಯೋಗಕ್ಕೆ ಎರಡನೆಯ ಮೇಲ್ಮನವಿ. ಬಹಳ ಜನ ಸಿಟ್ಟಿನಲ್ಲಿ ನೇರವಾಗಿ 18ನೆಯ ಕಲಮಿನ ದೂರು ಹಾಕುತ್ತಾರೆ. 2011ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಮಣಿಪುರದ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿದೆ: ದೂರಿನಲ್ಲಿ ದಂಡ ಹಾಕಿಸಬಹುದು, ಮಾಹಿತಿ ಕೊಡಿಸಲು ಬರುವುದಿಲ್ಲ, ಮಾಹಿತಿ ಬೇಕಾದರೆ 19ನೆಯ ಕಲಮಿನ ಮೇಲ್ಮನವಿಯೇ ದಾರಿ. ಅಧಿಕಾರಿಗೆ ದಂಡವಾದರೆ ಅದು ಸರ್ಕಾರದ ಬೊಕ್ಕಸಕ್ಕೆ. ನಿಮಗೆ ಬೇಕಾಗಿರುವುದು ಆರು ವರ್ಷದ ಲೆಕ್ಕ. ಆಯೋಗಗಳಲ್ಲಿ ಪ್ರಕರಣಗಳು ರಾಶಿ ಬಿದ್ದಿವೆ, ಆಯುಕ್ತರ ಸ್ಥಾನಗಳನ್ನು ಖಾಲಿ ಬಿಡಬೇಡಿರೆಂದು ಸುಪ್ರೀಂ ಕೋರ್ಟೇ 2019ರ ಫೆಬ್ರವರಿಯಲ್ಲಿ ಸರ್ಕಾರಗಳಿಗೆ ಹೇಳಬೇಕಾಯಿತು. ಕಾಯಬೇಕಾಗುತ್ತದೆ. ಆ ನಡುವೆ ದಾಖಲೆಗಳನ್ನು ಸ್ವತಃ ಪರಿಶೀಲಿಸುವ ಹಕ್ಕನ್ನು ಬಳಸಿಕೊಳ್ಳಿ: ವಹಿಗಳನ್ನು ನೋಡಬೇಕೆಂದು ಅರ್ಜಿ ಕೊಟ್ಟು, ಗೊತ್ತುಮಾಡಿದ ದಿನ ಹೋಗಿ, ಕುಳಿತು, ಪುಟ ತಿರುವಿ, ಟಿಪ್ಪಣಿ ಮಾಡಿಕೊಂಡು ಬನ್ನಿ.

ಅರ್ಜಿಯ ಶುಲ್ಕ 10 ರೂಪಾಯಿ, ಬಿ.ಪಿ.ಎಲ್. ಕಾರ್ಡಿನ ನಕಲು ಲಗತ್ತಿಸಿದವರಿಗೆ ಅದೂ ಇಲ್ಲ. ಗಡುವು ಮೀರಿ ಕೊಟ್ಟ ಮಾಹಿತಿಗೆ ನಕಲಿನ ಹಣ ಕೇಳುವಂತಿಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಆದ್ದರಿಂದ ನಿಮ್ಮ ಕಷ್ಟದ ಕಥೆಯನ್ನು ಅದರಲ್ಲಿ ಬರೆಯಬೇಡಿ, ವಹಿಯ ಹೆಸರು, ವರ್ಷ, ನಂಬರು ಇಷ್ಟನ್ನೇ ಬರೆಯಿರಿ. ಟ್ರಂಕಿನಲ್ಲಿರುವ ಹಳೆಯ ಹಿಂಬರಹಗಳನ್ನು ತಂದವರು ಸಭೆಯಾದ ಮೇಲೆ ಇಲ್ಲಿಯೇ ಮುಂದೆ ಬಂದು ಕೂರಬಹುದು. ತಾರೀಖು ನೋಡಿ, ಮೇಲ್ಮನವಿಯ ಗಡುವು ಉಳಿದವರದನ್ನು ಮೊದಲು ಬರೆಯೋಣ, ಮುಗಿದವರಿಗೆ ಹೊಸ ಅರ್ಜಿ ಬರೆಯೋಣ.